ಭಾಭೀಜಿಯ ರೆಕ್ಸಿನ್ ಚೀಲ

ಭಾಭೀಜಿಯ ಗಂಡ ತೀರಿಕೊಂಡಿದ್ದಾರೆ ಎಂದು ಹೇಳುವ ಒಂದು ಕಾಗದ ಪಡೆಯಲು ನಮಗೆ ಎಂಟು ತಿಂಗಳು ಹಿಡಿಯಿತು. ಅವರನ್ನು ಕೊಂದದ್ದು ಹಾಡಹಗಲಲ್ಲಿ, ನಡು ಗಲ್ಲಿಯಲ್ಲಿ, ನೂರಾರು ಜನರ ಎದುರು. ನಾನೂ ನೋಡಿದ್ದೆ. ಆದರೂ ಎಂಟು ತಿಂಗಳು.

ನಾನು ತೀರ್ಥಹಳ್ಳಿ ಕಡೆಯವಳು. 1982ರಲ್ಲಿ ಮದುವೆಯಾಗಿ ದೆಹಲಿಗೆ ಬಂದೆ. ನಮ್ಮ ಯಜಮಾನರಿಗೆ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಕ್ವಾರ್ಟರ್ಸ್ ಸಿಗಲು ಇನ್ನೂ ವರ್ಷಗಳಿದ್ದವು. ಅಲ್ಲಿಯವರೆಗೆ ಪಶ್ಚಿಮ ದೆಹಲಿಯ ಒಂದು ಪುನರ್ವಸತಿ ಕಾಲೊನಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ತುರ್ತುಪರಿಸ್ಥಿತಿಯ ಕಾಲದಲ್ಲಿ ಊರೊಳಗಿನ ಗುಡಿಸಲು ಕಿತ್ತು, ಅಲ್ಲಿದ್ದವರನ್ನು ಊರಾಚೆ ತಂದು, ಮನೆಗೆ 25 ಚದರ ಗಜದ ಜಾಗ ಕೊಟ್ಟಿದ್ದರಲ್ಲ, ಅಂಥ ಕಾಲೊನಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಹತ್ತು ಮನೆಗೆ ಸೀನು ಬರುತ್ತಿತ್ತು.

ಎದುರು ಮನೆ ಭಾಭೀಜಿಯದು. ಅವರು ಸಿಖ್ಖರು. ಅವರ ಹೆಸರು ಬರೆಯುವುದಿಲ್ಲ. ಬೇಡ ಎಂದು ಅವರೇ ಹೇಳಿದ್ದಾರೆ. ಗಂಡ ಬಡಗಿ. ಗಲ್ಲಿಯ ಅರ್ಧ ಮನೆಗಳ ಬಾಗಿಲು ಅವರ ಕೈಯಲ್ಲೇ ಆಗಿದ್ದವು. ನನಗೆ ಅವರು ಭಾಯಿಸಾಬ್. ಊರಿನಿಂದ ತಂದ ಈಳಿಗೆಮಣೆಯ ಹಲಗೆ ಒಡೆದಾಗ, ಅದು ಏನು ಮಾಡುವ ವಸ್ತು ಎಂದು ಗೊತ್ತಿಲ್ಲದಿದ್ದರೂ ಕೂತು ಸರಿಮಾಡಿಕೊಟ್ಟಿದ್ದರು. ಗಲ್ಲಿಯವರಿಗೆಲ್ಲ ನಾವು ‘ಮದ್ರಾಸಿಗಳು’. ಭಾಭೀಜಿ ಮಾತ್ರ ನನ್ನನ್ನು ‘ಛೋಟಿ’ ಎನ್ನುತ್ತಿದ್ದರು. ನನಗೆ ಹಿಂದಿ ಕಲಿಸಿದ್ದೂ ಅವರೇ.

1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರನ್ನು ಅವರ ಮನೆಯಲ್ಲೇ ಇಬ್ಬರು ಅಂಗರಕ್ಷಕರು ಗುಂಡಿಟ್ಟು ಕೊಂದರು. ಇಬ್ಬರೂ ಸಿಖ್ಖರು. ಆ ಸಂಜೆಯೇ ಏಮ್ಸ್ ಆಸ್ಪತ್ರೆಯ ಸುತ್ತಮುತ್ತ ಪೇಟ ಕಂಡವರನ್ನು ಬಸ್ಸಿನಿಂದ ಇಳಿಸಿ ಹೊಡೆಯಲು ಶುರುಮಾಡಿದರು. ರಾಷ್ಟ್ರಪತಿ ಜೈಲ್ ಸಿಂಗ್ ಅವರ ಕಾರಿಗೇ ಕಲ್ಲು ಬಿತ್ತು. ನಮ್ಮ ಕಾಲೊನಿಯಲ್ಲಿ ಆ ರಾತ್ರಿ ಏನೂ ಆಗಲಿಲ್ಲ. ಭಾಭೀಜಿಯ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ‘ದೇಶದ ತಾಯಿ ಹೋದಳು’ ಎಂದು ಅವರೂ ಅತ್ತಿದ್ದರು. ಇದನ್ನು ನಾನು ಯಾವ ಅಧಿಕಾರಿಗೂ ಹೇಳಿಲ್ಲ, ಯಾರೂ ಕೇಳಲೂ ಇಲ್ಲ. ಆದರೆ ಹೇಳಬೇಕು.

ಮಾರನೆಯ ಬೆಳಿಗ್ಗೆ ಎಂಟರ ಹೊತ್ತಿಗೆ ಇಬ್ಬರು ಪೊಲೀಸರು ಬಂದರು. ಸಿಖ್ಖರ ಮನೆಗಳಿಂದ ಕೃಪಾಣ, ಲಾಠಿ ಎಲ್ಲ ತೆಗೆದುಕೊಂಡರು. ಒಳಗೇ ಇರಿ, ನಾವಿದ್ದೇವೆ ಎಂದರು. ಭಾಯಿಸಾಬ್ ತಮ್ಮ ಉಳಿ, ಬಾಚಿಯನ್ನೂ ಕೊಟ್ಟುಬಿಟ್ಟರು. ಒಂದೂವರೆ ಗಂಟೆ ಕಳೆದ ಮೇಲೆ ಗುಂಪು ಬಂತು. ಆ ಇಬ್ಬರು ಪೊಲೀಸರು ಗಲ್ಲಿಯ ತುದಿಯಲ್ಲೇ ನಿಂತಿದ್ದರು. ಕೊನೆಯವರೆಗೂ ನಿಂತಿದ್ದರು.

ಗುಂಪಿನ ಮುಂದೆ ಇದ್ದವನು ನಮಗೆ ಸೀಮೆಎಣ್ಣೆ ಅಳೆದುಕೊಡುತ್ತಿದ್ದ ರೇಷನ್ ಡಿಪೊದವನು. ಅವನ ಕೈಯಲ್ಲಿ ಒಂದು ಕಾಗದ ಇತ್ತು. ಅದನ್ನು ನೋಡಿ ಮನೆಯ ನಂಬರ್ ಕೂಗುತ್ತಿದ್ದ. ನಮ್ಮ ಮನೆಯ ನಂಬರ್ ಬಿಟ್ಟ, ಪಕ್ಕದ್ದು ಬಿಟ್ಟ, ಎದುರು ಮನೆಯ ನಂಬರ್ ಕೂಗಿದ. ಒಂದೂ ತಪ್ಪಲಿಲ್ಲ. ದೆಹಲಿಯ ಇಂಥದೇ ಕಾಲೊನಿಗಳಾದ ತ್ರಿಲೋಕಪುರಿ, ಮಂಗೋಲ್‌ಪುರಿ, ಸುಲ್ತಾನ್‌ಪುರಿಯಲ್ಲೂ ಮತದಾರರ ಪಟ್ಟಿ, ರೇಷನ್ ಪಟ್ಟಿ ಹಿಡಿದೇ ಬಂದಿದ್ದರು ಎಂದು ಆಮೇಲೆ ಎಷ್ಟೋ ಜನ ಸಾಕ್ಷಿ ಹೇಳಿದರು. ನನಗೆ ಅದು ಓದಿ ತಿಳಿದ ವಿಷಯ ಅಲ್ಲ. ನಮ್ಮ ಕಿಟಕಿಯಿಂದ ಆ ಕಾಗದ ಕಾಣುತ್ತಿತ್ತು.

ಹೇಗೆ ಕೊಂದರು ಎಂದು ನಾನು ಮೂರು ಸಲ ಅಧಿಕಾರಿಗಳ ಮುಂದೆ ಹೇಳಿದ್ದೇನೆ. ಇಲ್ಲಿ ಮತ್ತೆ ಹೇಳಲಾರೆ. ಟೈರು, ಸೀಮೆಎಣ್ಣೆ ಎಂದರೆ ಸಾಕು.

ಭಾಭೀಜಿ, ಇಬ್ಬರು ಹೆಣ್ಣುಮಕ್ಕಳು, ಒಂಬತ್ತು ವರ್ಷದ ಮಗ, ಹಿಂದಿನ ಮಾಳಿಗೆ ದಾಟಿ ನಮ್ಮ ಕೋಣೆಗೆ ಬಂದಿದ್ದರು. ಮೂರು ರಾತ್ರಿ ನಮ್ಮ ಮಂಚದ ಕೆಳಗಿದ್ದರು. ನಾನು ರವಿಕೆ ಹೊಲಿಯುವ ಕತ್ತರಿಯಲ್ಲಿ ಭಾಭೀಜಿಯೇ ಮಗನ ಕೂದಲು ಕತ್ತರಿಸಿದರು. ಆ ಹುಡುಗ ಹುಟ್ಟಿದಾಗಿನಿಂದ ತಲೆಗೆ ಕತ್ತರಿ ತಾಗಿರಲಿಲ್ಲ. ಕೂದಲನ್ನು ಅವರು ಬಿಸಾಡಲಿಲ್ಲ, ಮಡಚಿ ದುಪಟ್ಟಾದಲ್ಲಿ ಕಟ್ಟಿಕೊಂಡರು. ರಾತ್ರಿ ಪೊಲೀಸ್ ಜೀಪೊಂದು ಧ್ವನಿವರ್ಧಕ ಹಾಕಿಕೊಂಡು ಬಂತು. ಸಿಖ್ಖರು ನೀರಿಗೆ ವಿಷ ಹಾಕಿದ್ದಾರೆ, ಯಾರೂ ಕುಡಿಯಬೇಡಿ ಎಂದು ಕೂಗುತ್ತಾ ಹೋಯಿತು. ವಿಷ ಎಲ್ಲೂ ಇರಲಿಲ್ಲ. ಮಂಚದ ಕೆಳಗೆ ಇದ್ದ ಮಕ್ಕಳಿಗೆ ನಾನು ಅದೇ ನೀರು ಕುಡಿಸಿದೆ. 3ನೇ ತಾರೀಕು ಸೈನ್ಯದ ಲಾರಿ ಕಾಣಿಸಿತು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಕಾಗದದ ಕೆಲಸ ಶುರುವಾದದ್ದು 6ನೇ ತಾರೀಕು.

ಠಾಣೆಯಲ್ಲಿ ಮರದ ಬೆಂಚು, ಒಬ್ಬ ಹವಾಲ್ದಾರ. ಭಾಭೀಜಿ ಆರು ಹೆಸರು ಹೇಳಿದರು. ಡಿಪೊದವನದು ಮೊದಲು. ಒಬ್ಬ ಪುಡಿ ರಾಜಕಾರಣಿಯ ಹೆಸರೂ ಇತ್ತು. ಹವಾಲ್ದಾರ ಬರೆಯುತ್ತಿದ್ದಂತೆ ಕಾಣುತ್ತಿತ್ತು. ಕೊನೆಯಲ್ಲಿ ಓದಿ ಹೇಳು ಎಂದು ನಾನು ಕೇಳಿದೆ. ಓದಿದ. ‘ನಾಮಾಲೂಮ್ ಹುಜೂಮ್’ ಎಂದಿತ್ತು. ದೆಹಲಿ ಪೊಲೀಸರ ಬರವಣಿಗೆಯಲ್ಲಿ ಉರ್ದು ಪದ ಜಾಸ್ತಿ. ಯಾರೆಂದು ಗೊತ್ತಿಲ್ಲದ ಗುಂಪು ಎಂದು ಅರ್ಥ. ಆರು ಹೆಸರಿನಲ್ಲಿ ಒಂದೂ ಇರಲಿಲ್ಲ. ‘ಹೆಸರು ಹಾಕಿದರೆ ಈ ಕಾಗದ ಮುಂದೆ ಹೋಗುವುದಿಲ್ಲ, ಪರಿಹಾರ ಬೇಕೋ ಬೇಡವೋ’ ಎಂದ.

ಆಮೇಲೆ ನನ್ನ ಕಡೆ ತಿರುಗಿ ‘ನೀನೇನು ನೋಡಿದೆ’ ಎಂದು ಕೇಳಿದ.

ನಮ್ಮ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅವರೇನೂ ಹೇಳಲಿಲ್ಲ. ನನಗೆ ಅವರ ಸರ್ಕಾರಿ ಕೆಲಸ ನೆನಪಾಯಿತು, ಡಿಪೊದವನು ಅದೇ ಬೆಳಿಗ್ಗೆ ನನ್ನನ್ನು ನೋಡಿದ ನೋಟ ನೆನಪಾಯಿತು. ನಾನಾಗ ಎರಡು ತಿಂಗಳ ಬಸುರಿ. ‘ನಾನು ಮೇಲಿನ ಮನೆಯವಳು, ನನಗೇನೂ ಕಾಣಲಿಲ್ಲ’ ಎಂದೆ. ಅವನು ಅದನ್ನು ಮಾತ್ರ ಅಕ್ಷರ ಬಿಡದೆ ಬರೆದುಕೊಂಡ.

ಹೊರಗೆ ಬಂದ ಮೇಲೆ ಭಾಭೀಜಿ ನನ್ನ ಕೈ ಬಿಡಲಿಲ್ಲ. ನಾನು ಹಾಗೆ ಹೇಳಿದ್ದರ ಬಗ್ಗೆ ಅವತ್ತಿನಿಂದ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ನಾನು ಅವರ ಜೊತೆ ಕಚೇರಿಯಿಂದ ಕಚೇರಿಗೆ ಓಡಾಡಲು ಶುರುಮಾಡಿದ್ದು ಅಂದಿನಿಂದ. ಕರುಣೆಯಿಂದ ಅಂತ ಹೇಳಲಾರೆ. ಆ ಒಂದು ವಾಕ್ಯ ನನ್ನನ್ನು ಓಡಾಡಿಸಿತು.

ಗುರುದ್ವಾರದ ಅಂಗಳದ ಶಿಬಿರದಲ್ಲಿ ಪರಿಹಾರದ ಅರ್ಜಿ ತುಂಬಿಸುತ್ತಿದ್ದರು. ಸತ್ತವರೊಬ್ಬರಿಗೆ 10,000 ರೂಪಾಯಿ ಎಂದು ಸರ್ಕಾರ ಹೇಳಿತ್ತು. ಅರ್ಜಿಯ ಜೊತೆ ಎಫ್‌ಐಆರ್ ಪ್ರತಿ, ರೇಷನ್ ಕಾರ್ಡು, ಮರಣ ಪತ್ರ, ಛಾಪಾ ಕಾಗದದ ಮೇಲೆ ಅಫಿಡವಿಟ್, ಇಬ್ಬರು ಸಾಕ್ಷಿಗಳು. ರೇಷನ್ ಕಾರ್ಡು ಮನೆಯ ಜೊತೆ ಸುಟ್ಟಿತ್ತು. ಎರಡನೆಯ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ನಿಮ್ಮ ಡಿಪೊದಿಂದ ಬರೆಸಿಕೊಂಡು ಬನ್ನಿ ಎಂದರು. ಭಾಭೀಜಿ ಅಲ್ಲೇ ಕುಸಿದು ಕೂತರು. ಯಾರ ಕೈಯಲ್ಲಿ ಆ ಪಟ್ಟಿ ಇತ್ತೋ ಅವನ ಹತ್ತಿರವೇ ಹೋಗಿ, ನಾವು ಈ ಮನೆಯವರು ಎಂದು ಬರೆದುಕೊಡು ಎಂದು ಕೇಳಬೇಕಿತ್ತು. ನಾನು, ನಮ್ಮ ಯಜಮಾನರು ಹೋದೆವು. ಅವನು ಕೊಟ್ಟ. ಸುಮ್ನೆ ಕೊಟ್ಟ, ಒಂದು ಪ್ರಶ್ನೆ ಕೇಳಲಿಲ್ಲ.

ಮರಣ ಪತ್ರದ ಕಥೆ ಬೇರೆ. ಶವ ಎಲ್ಲಿ ಎಂದು ಕೇಳಿದರು. ಶವವನ್ನು ಪೊಲೀಸರು ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದರು. ಹಾಗಾದರೆ ಠಾಣೆಯಿಂದ ಬರೆಸಿ ತನ್ನಿ ಎಂದರು. ಠಾಣೆಯಲ್ಲಿ, ಪೋಸ್ಟ್‌ಮಾರ್ಟಂ ಆಗಿಲ್ಲ, ಸತ್ತಿದ್ದಾರೆ ಎಂದು ನಾವು ಹೇಗೆ ಬರೆಯುವುದು ಎಂದರು. ಆಸ್ಪತ್ರೆಗೆ ಹೋದರೆ, ಇಲ್ಲಿಗೆ ಬಂದಿಲ್ಲ ಎಂದರು. ಕಾಣೆಯಾಗಿದ್ದಾರೆ ಎಂದು ಬರೆದುಕೊಡಿ, ಏಳು ವರ್ಷ ಆದ ಮೇಲೆ ಸತ್ತಿದ್ದಾರೆ ಎಂದು ಆಗುತ್ತದೆ ಎಂದು ಒಬ್ಬ ಗುಮಾಸ್ತ ಉಪಾಯ ಹೇಳಿದ. ಅವನು ಕೆಟ್ಟವನಲ್ಲ, ನಿಜವಾಗಿ ಸಹಾಯ ಮಾಡಲೆಂದೇ ಹೇಳಿದ್ದ. ಭಾಭೀಜಿ ಮೊದಲ ಬಾರಿ ದನಿ ಎತ್ತಿದ್ದು ಅಲ್ಲಿ. ‘ಅವರು ಕಾಣೆಯಾಗಿಲ್ಲ. ನನ್ನ ಕಣ್ಣೆದುರು ಇದ್ದರು’ ಎಂದರು.

ನವೆಂಬರ್ 19ರಂದು ಬೋಟ್ ಕ್ಲಬ್ ಮೈದಾನದಲ್ಲಿ ಹೊಸ ಪ್ರಧಾನಿ ರಾಜೀವ್ ಗಾಂಧಿ, ದೊಡ್ಡ ಮರ ಬಿದ್ದಾಗ ಸುತ್ತಲ ನೆಲ ನಡುಗುತ್ತದೆ ಎಂದರು. ನಾವು ಅವತ್ತು ಆ ಗುಮಾಸ್ತನ ಕಚೇರಿಯ ಮೆಟ್ಟಿಲ ಮೇಲೆ ಊಟದ ಬಿಡುವು ಮುಗಿಯಲೆಂದು ಕಾಯುತ್ತಿದ್ದೆವು. ಡಿಸೆಂಬರ್ ಕೊನೆಯ ಚುನಾವಣೆಯಲ್ಲಿ ಅವರ ಕಾಂಗ್ರೆಸ್ ಪಕ್ಷ 400ಕ್ಕೂ ಜಾಸ್ತಿ ಸ್ಥಾನ ಗೆದ್ದಿತು.

1985ರ ಜುಲೈನಲ್ಲಿ ಮರಣ ಪತ್ರ ಬಂತು. ಅದರಲ್ಲಿ ಹೆಸರು ತಪ್ಪಾಗಿತ್ತು. ಒಂದು ಅಕ್ಷರದ ತಪ್ಪು, ಆದರೆ ಆ ಅಕ್ಷರದಿಂದ ಬೇರೆಯೇ ಹೆಸರಾಗಿತ್ತು. ಶಿಬಿರದ ಅರ್ಜಿಯಲ್ಲಿ ಆದ ತಪ್ಪು ಎಲ್ಲ ಕಡೆ ಹಾಗೇ ಇಳಿದಿತ್ತು. ಸರಿಮಾಡಿಸಲು ಹೋದರೆ ಪರಿಹಾರದ ಕಡತ ನಿಲ್ಲುತ್ತದೆ ಎಂದರು. ಮೂರು ಮಕ್ಕಳ ಹೊಟ್ಟೆ ಎದುರಿಗಿತ್ತು. ಹಾಗೇ ಬಿಟ್ಟೆವು. ಆಗ ಬಿಟ್ಟದ್ದು ತಪ್ಪು ಎಂದು ಇಂದು ಅನ್ನಿಸುತ್ತದೆ. ಅಂಥ ಸ್ಥಿತಿಯಲ್ಲಿ ಯಾರಾದರೂ ಇದ್ದರೆ ನಾನು ಹೇಳುವುದು ಒಂದೇ: ಮೊದಲ ಕಾಗದದಲ್ಲೇ ಹೆಸರು ಸರಿಯಾಗಿದೆಯೇ ನೋಡಿ. ಕೊಟ್ಟ ಪ್ರತಿ ಅರ್ಜಿಗೂ ಡೈರಿ ನಂಬರ್ ಕೇಳಿ ಪಡೆಯಿರಿ. ನಂಬರ್ ಇಲ್ಲದ ಅರ್ಜಿ ಕೊಟ್ಟೇ ಇಲ್ಲ ಎಂದಾಗುತ್ತದೆ.

ಭಾಭೀಜಿಗೆ ತಿಲಕ್ ವಿಹಾರದಲ್ಲಿ ಒಂದು ಪುಟ್ಟ ಫ್ಲ್ಯಾಟ್ ಸಿಕ್ಕಿತು. ಆ ಜಾಗವನ್ನು ಇಡೀ ದೆಹಲಿ ‘ವಿಧವಾ ಕಾಲೊನಿ’ ಎಂದೇ ಕರೆಯಿತು. ಆಟೋದವನಿಗೆ ವಿಳಾಸ ಹೇಳಬೇಕಾದರೂ ಅದೇ ಹೆಸರು. ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ನೀರು ಕೊಡುವ ಕೆಲಸವೂ ಸಿಕ್ಕಿತು. ನಮಗೂ ಕ್ವಾರ್ಟರ್ಸ್ ಸಿಕ್ಕಿ ನಾವು ಆ ಗಲ್ಲಿ ಬಿಟ್ಟೆವು. ಭಾನುವಾರ ಬಸ್ಸು ಹಿಡಿದು ತಿಲಕ್ ವಿಹಾರಕ್ಕೆ ಹೋಗುತ್ತಿದ್ದೆ, ಕಂಕುಳಲ್ಲಿ ಕೂಸು. ಅಷ್ಟು ಹೊತ್ತಿಗೆ ಭಾಭೀಜಿ ಕಾಗದಗಳಿಗೆಂದೇ ಒಂದು ಕಪ್ಪು ರೆಕ್ಸಿನ್ ಚೀಲ ಕೊಂಡಿದ್ದರು.

1985ರಲ್ಲಿ ಸರ್ಕಾರ ಈ ಕೊಲೆಗಳ ವಿಚಾರಣೆಗೆ ನ್ಯಾಯಮೂರ್ತಿ ರಂಗನಾಥ್ ಮಿಶ್ರಾ ಆಯೋಗ ನೇಮಿಸಿತು. ಅದಕ್ಕೂ ಮೊದಲು ವೇದ್ ಮಾರ್ವಾ ಎಂಬ ಪೊಲೀಸ್ ಅಧಿಕಾರಿ ಪೊಲೀಸರ ನಡತೆಯ ಬಗ್ಗೆ ವಿಚಾರಣೆ ನಡೆಸುತ್ತಿದ್ದರು. ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಆಯೋಗಕ್ಕೆ ಅಫಿಡವಿಟ್ ಕೊಡಬೇಕು ಎಂದು ಸುದ್ದಿ ಬಂದಾಗ ತಿಲಕ್ ವಿಹಾರದಲ್ಲಿ ಬರೆಯಲು ಬರುವ ಹೆಂಗಸರು ಬೆರಳೆಣಿಕೆಯಷ್ಟು. ನಾನು ಮದುವೆಗೆ ಮುಂಚೆ ತೀರ್ಥಹಳ್ಳಿಯಲ್ಲಿ ಟೈಪಿಂಗ್ ಕಲಿತಿದ್ದೆ. ವಕೀಲರೊಬ್ಬರು ಒಂದು ಹಳೆಯ ಟೈಪ್‌ರೈಟರ್ ತಂದಿಟ್ಟರು. ಅವರು ಹಿಂದಿಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ನಾಲ್ಕು ಭಾನುವಾರ. ಮೂರು ಕಾರ್ಬನ್ ಪ್ರತಿ. ಎಲ್ಲದರ ಕೆಳಗೂ ಹೆಬ್ಬೆಟ್ಟು.

ಎಷ್ಟು ಅಫಿಡವಿಟ್ ಟೈಪ್ ಮಾಡಿದೆ ಎಂದು ಲೆಕ್ಕ ಇಡಲಿಲ್ಲ. ಒಂದು ಮಾತ್ರ ನೆನಪಿದೆ. ಎಲ್ಲರ ಹೇಳಿಕೆಯಲ್ಲೂ ಮೂರು ವಿಷಯ ತಪ್ಪದೆ ಬರುತ್ತಿತ್ತು. ಪೊಲೀಸರು ಮೊದಲು ಬಂದು ಆಯುಧ ತೆಗೆದುಕೊಂಡರು. ಗುಂಪಿನವರ ಹತ್ತಿರ ಮನೆಗಳ ಪಟ್ಟಿ ಇತ್ತು. ಸೀಮೆಎಣ್ಣೆ ಎಲ್ಲಿಂದಲೋ ಡಬ್ಬಿಗಟ್ಟಲೆ ಬಂತು. ಒಬ್ಬರನ್ನೊಬ್ಬರು ಕಂಡಿರದ, ಬೇರೆ ಬೇರೆ ಕಾಲೊನಿಯ ಹೆಂಗಸರು. ಗಲಭೆ ಎನ್ನುವ ಮಾತು ನನಗೆ ಅಂದಿನಿಂದ ಸಹಿಸಲು ಆಗುವುದಿಲ್ಲ. ನಮ್ಮ ಕನ್ನಡ ಪತ್ರಿಕೆಗಳಲ್ಲೂ ‘ಸಿಖ್ ವಿರೋಧಿ ಗಲಭೆ’ ಎಂದೇ ಬರೆಯುತ್ತಾರೆ. ಗಲಭೆ ಎಂದರೆ ಎರಡು ಕಡೆಯವರು ಇರಬೇಕು, ಅಲ್ವಾ? ನಮ್ಮ ಗಲ್ಲಿಯಲ್ಲಿ ಒಂದು ಕಡೆ ಮಾತ್ರ ಇತ್ತು. ಭಾಭೀಜಿ ‘ಕತ್ಲೇಆಮ್’ ಎನ್ನುತ್ತಾರೆ, ಸಾಮೂಹಿಕ ಕೊಲೆ. ಉಳಿದವರು ‘ಚೌರಾಸಿ’ ಎನ್ನುತ್ತಾರೆ, ಬರೀ ಎಂಬತ್ತನಾಲ್ಕು.

ಅಷ್ಟು ಜನರ ಅಫಿಡವಿಟ್ ಟೈಪ್ ಮಾಡಿದವಳು ನನ್ನದನ್ನು ಟೈಪ್ ಮಾಡಲಿಲ್ಲ. ವಕೀಲರು ಒಂದು ಸಲ ಕೇಳಿದರು. ಮುಂದಿನ ವಾರ ಎಂದೆ.

ಮಿಶ್ರಾ ಆಯೋಗ ಬಾಗಿಲು ಹಾಕಿಕೊಂಡು ವಿಚಾರಣೆ ನಡೆಸಿತು. ಪತ್ರಿಕೆಯವರಿಗೂ ಪ್ರವೇಶ ಇರಲಿಲ್ಲ. ಆರೋಪಿಗಳ ಪರವಾಗಿ ಒಂದೇ ಅಚ್ಚಿನಲ್ಲಿ ತೆಗೆದಂಥ ಅಫಿಡವಿಟ್‌ಗಳು ರಾಶಿರಾಶಿ ಬಂದವು. ಸಂತ್ರಸ್ತರ ಪರ ನಿಂತಿದ್ದ ನಾಗರಿಕ ನ್ಯಾಯ ಸಮಿತಿ, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ಅದರ ಅಧ್ಯಕ್ಷರು, 1986ರಲ್ಲಿ ಇದರಿಂದ ಹಿಂದೆ ಸರಿಯಿತು. 1987ರಲ್ಲಿ ವರದಿ ಸಂಸತ್ತಿನ ಮುಂದೆ ಬಂತು. ಪಕ್ಷವಾಗಿ ಯಾರೂ ಇದನ್ನು ಮಾಡಿಸಿಲ್ಲ, ಕೆಲವು ಕಾರ್ಯಕರ್ತರು ತಾವಾಗಿ ಸೇರಿಕೊಂಡಿರಬಹುದು ಎನ್ನುವ ಧಾಟಿ. ಮಿಶ್ರಾ ಅವರು ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, ಆಮೇಲೆ ಅದೇ ಪಕ್ಷದಿಂದ ರಾಜ್ಯಸಭೆಗೂ ಹೋದರು. ಆ ಸುದ್ದಿ ಓದಿದ ದಿನ ನನಗೆ ಟೈಪ್‌ರೈಟರಿನ ಸದ್ದು ಕಿವಿಯಲ್ಲಿ ಗುಯ್‌ಗುಟ್ಟಿತು.

ಆಮೇಲೆ ಬಂದ ಸಮಿತಿಗಳ ಹೆಸರು ಹೇಳಿದರೆ ಓದುವವರಿಗೆ ತಲೆ ಸುತ್ತುತ್ತದೆ. ಜೈನ್-ಬ್ಯಾನರ್ಜಿ, ಕಪೂರ್-ಮಿತ್ತಲ್, ಅಹೂಜಾ, ಪೊಟ್ಟಿ-ರೋಷಾ, ಜೈನ್-ಅಗರ್ವಾಲ್, ನರೂಲಾ. ಅಹೂಜಾ ಸಮಿತಿ ದೆಹಲಿಯಲ್ಲಿ ಸತ್ತವರು 2,733 ಎಂದು ಲೆಕ್ಕ ಕೊಟ್ಟಿತು. ಪೊಲೀಸರ ಬಗ್ಗೆ ನೋಡಿದ ಕುಸುಮ್ ಲತಾ ಮಿತ್ತಲ್ 72 ಅಧಿಕಾರಿಗಳನ್ನು ಹೆಸರಿಸಿ, 30 ಜನರನ್ನು ಕೆಲಸದಿಂದ ತೆಗೆಯಬೇಕು ಎಂದರು. ಅವರು ಹೇಳಿದಂತೆ ನಡೆಯಲಿಲ್ಲ. ಪ್ರತಿ ಸಮಿತಿ ಬಂದಾಗಲೂ ಭಾಭೀಜಿ ಚೀಲ ಬಿಚ್ಚುತ್ತಿದ್ದರು. ನಕಲು ಮಾಡಿಸುವುದು, ನೋಟರಿ ಹತ್ತಿರ ಸೀಲು ಹಾಕಿಸುವುದು, ಕೊಡುವುದು. ಪ್ರತಿ ಸಲವೂ ಮೃತರ ಹೆಸರು ಮತ್ತು ಎಫ್‌ಐಆರಿನ ಹೆಸರು ಹೊಂದುತ್ತಿಲ್ಲ ಎಂಬ ಷರಾ. ಇಬ್ಬರೂ ಒಬ್ಬರೇ ಎಂದು ಇನ್ನೊಂದು ಅಫಿಡವಿಟ್.

1988ರ ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ಸಿಖ್ ವಿದ್ಯಾರ್ಥಿಗಳನ್ನು ಕೊಂದ ಸುದ್ದಿ ಬಂತು. ಗುರು ನಾನಕರು ನೀರು ಚಿಮ್ಮಿಸಿದರು ಎಂದು ನಂಬುವ ಝೀರಾ ಸಾಹಿಬ್ ಗುರುದ್ವಾರ ಇರುವ ಊರು. ಗುರು ಗೋವಿಂದ ಸಿಂಗರ ಮೊದಲ ಐವರು ಖಾಲ್ಸಾ ಶಿಷ್ಯರಾದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಹುಟ್ಟಿದ ಊರು. ಆ ಭಾನುವಾರ ಭಾಭೀಜಿ ಕೇಳಿದರು: ‘ಬೀದರ್ ನಿಮ್ಮ ಕಡೆಯದೇ ಅಲ್ವಾ ಛೋಟಿ?’ ತೀರ್ಥಹಳ್ಳಿಗೂ ಬೀದರಿಗೂ ಎಷ್ಟು ದೂರ ಎಂದು ವಿವರಿಸಲು ಹೊರಟೆ. ಮಾತು ಅರ್ಧಕ್ಕೇ ನಿಂತಿತು. ಹೌದು, ನಮ್ಮ ಕಡೆಯದೇ ಎಂದೆ.

1996ರಲ್ಲಿ ದೆಹಲಿ ಹೈಕೋರ್ಟ್ ಪರಿಹಾರವನ್ನು ಮೂರೂವರೆ ಲಕ್ಷಕ್ಕೆ ಏರಿಸಿತು. ಭಾಭೀಜಿ ದೊಡ್ಡ ಮಗಳ ಮದುವೆ ಮಾಡಿದರು. ಮಗ ಅಷ್ಟರಲ್ಲಿ ಕೈತಪ್ಪಿದ್ದ. ತಿಲಕ್ ವಿಹಾರದ ಎಷ್ಟೋ ಹುಡುಗರು ಅಮಲಿಗೆ ಬಿದ್ದರು. ತಾಯಂದಿರು ದಿನವಿಡೀ ಕೆಲಸಕ್ಕೆ, ತಾರೀಖಿಗೆ, ಕಚೇರಿಗೆ ಎಂದು ಹೊರಗೆ. ಅವನ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಹಕ್ಕಿಲ್ಲ.

2000ದಲ್ಲಿ ನ್ಯಾಯಮೂರ್ತಿ ಜಿ.ಟಿ. ನಾನಾವತಿ ಆಯೋಗ ಬಂತು. ಈ ಸಲ ವಿಚಾರಣೆ ತೆರೆದ ಬಾಗಿಲಲ್ಲಿ ಎಂದರು. ಒಂದು ರಾತ್ರಿ ಊಟ ಆದ ಮೇಲೆ ನಮ್ಮ ಯಜಮಾನರು, ಯಾರೂ ಕೇಳದೆ, ‘ಈಗ ಬರೆದುಬಿಡು. ಕೆಲಸದ್ದು ನಾನು ನೋಡಿಕೊಳ್ಳುತ್ತೇನೆ’ ಎಂದರು. ಹದಿನಾರು ವರ್ಷ ಅವರೂ ಅದನ್ನೇ ಹೊತ್ತುಕೊಂಡಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿಯೇ ಕೂತೆ. ಮೊದಲು ಕನ್ನಡದಲ್ಲಿ ಬರೆದೆ. ಆ ದಿನ ನನಗೆ ನೆನಪಿದ್ದದ್ದು ಕನ್ನಡದಲ್ಲೇ. ಆಮೇಲೆ ಹಿಂದಿಗೆ ತಿರುಗಿಸಿದೆ. ಡಿಪೊದವನ ಹೆಸರು ಬರೆಯುವಾಗ ಕೈ ನಡುಗಲಿಲ್ಲ. ‘ನನಗೇನೂ ಕಾಣಲಿಲ್ಲ ಎಂದು ಅಂದು ಹೇಳಿದ್ದು ಸುಳ್ಳು’ ಎಂದು ಬರೆಯುವಾಗ ನಡುಗಿತು.

ಕರೆ ಬಂದದ್ದು ಎರಡು ವರ್ಷ ಆದ ಮೇಲೆ. ವಿಜ್ಞಾನ ಭವನದ ಅನೆಕ್ಸ್. ಅದೇ ಆಯೋಗದ ಮುಂದೆ, 1971ರ ಯುದ್ಧದಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಶರಣಾಗತಿ ಪಡೆದ ಜನರಲ್ ಜಗಜೀತ್ ಸಿಂಗ್ ಅರೋರಾ ಅವರೂ ಸಾಕ್ಷಿ ಹೇಳಿದ್ದರು. ಸೈನ್ಯ ಕರೆಸಿ ಎಂದು ಗೃಹಮಂತ್ರಿಯ ಹತ್ತಿರ ಹೋಗಿ ಬರಿಗೈಯಲ್ಲಿ ಬಂದವರಲ್ಲಿ ಅವರೂ ಒಬ್ಬರು. ಅಂಥವರ ಮಾತೇ ನಡೆಯಲಿಲ್ಲ ಎಂದ ಮೇಲೆ ಒಬ್ಬ ಬಡಗಿಯ ಹೆಂಡತಿಯ ಮಾತು ಆ ಠಾಣೆಯಲ್ಲಿ ಯಾರು ಕೇಳುತ್ತಾರೆ?

ಎದುರು ಪಕ್ಷದ ವಕೀಲರು ಮರ್ಯಾದೆಯಿಂದಲೇ ಮಾತಾಡಿದರು. ಕೈಯಲ್ಲಿ 1984ರ ನವೆಂಬರ್ 6ರ ಕಾಗದ ಇತ್ತು.

‘ಇದು ನೀವೇ ಹೇಳಿದ್ದಾ?’

‘ಹೌದು.’

‘ಆಗ ಕಾಣದ್ದು ಈಗ ಹೇಗೆ ಕಂಡಿತು?’

‘ಆಗಲೂ ಕಂಡಿತ್ತು.’

‘ಹಾಗಾದರೆ ಹದಿನೆಂಟು ವರ್ಷ ಏಕೆ ಸುಮ್ಮನಿದ್ದಿರಿ?’

‘ಹೆದರಿದ್ದೆ.’

‘ಯಾರಿಗೆ? ಆ ಡಿಪೊದವರಿಗಾ?’

‘ಅವನಿಗಲ್ಲ. ಬರೆದುಕೊಳ್ಳುತ್ತಿದ್ದವರಿಗೆ.’

ಹಿಂದಿನ ಸಾಲಿನಲ್ಲಿ ಭಾಭೀಜಿ ಇದ್ದರು. ಕಟಕಟೆಯಿಂದ ಇಳಿದು ಬಂದು ಪಕ್ಕದಲ್ಲಿ ಕೂತೆ. ಅವರು ರೆಕ್ಸಿನ್ ಚೀಲ ನನ್ನ ಮಡಿಲಿಗೆ ಇಟ್ಟರು. ನೀರು ಕುಡಿಯಲು ಎದ್ದು ಹೋದರು, ತುಂಬ ಹೊತ್ತು ಬರಲಿಲ್ಲ.

2005ರಲ್ಲಿ ವರದಿ ಬಂತು. ದಾಳಿಗಳು ವ್ಯವಸ್ಥಿತವಾಗಿ ನಡೆದವು, ಬಲ ಇದ್ದವರ ಬೆಂಬಲ ಇಲ್ಲದೆ ಅಷ್ಟು ಬೇಗ ಅಷ್ಟು ಜನರನ್ನು ಕೊಲ್ಲಲು ಆಗುತ್ತಿರಲಿಲ್ಲ ಎಂದು ಅದು ಹೇಳಿತು. ಆಗಸ್ಟ್ 11ರಂದು ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಸಭೆಯಲ್ಲಿ ಕ್ಷಮೆ ಕೇಳಿದರು. ತಿಲಕ್ ವಿಹಾರದಲ್ಲಿ ಟಿವಿ ಮುಂದೆ ಹತ್ತಾರು ಹೆಂಗಸರು ಕೂತಿದ್ದರು. ಯಾರೂ ಅಳಲಿಲ್ಲ. ‘ಕೊಂದವರನ್ನು ಹಿಡಿಯುತ್ತಾರಂತಾ?’ ಎಂದು ಒಬ್ಬರು ಕೇಳಿದರು. ಮುಂದಿನ ವರ್ಷ ವಿಧವೆಯರಿಗೆ ತಿಂಗಳಿಗೆ 2,500 ರೂಪಾಯಿ ಪಿಂಚಣಿ ಎಂದಾಯಿತು. ಅದಕ್ಕೆ ಅರ್ಜಿ, ಅಫಿಡವಿಟ್, ಹೆಸರಿನ ತಪ್ಪು, ಮತ್ತೆ ಎಲ್ಲ.

2015ರಲ್ಲಿ ಕೇಂದ್ರ ಗೃಹ ಇಲಾಖೆ ವಿಶೇಷ ತನಿಖಾ ತಂಡ ಮಾಡಿತು. ನಮಗೆ ನೋಟಿಸ್ ಬಂದದ್ದು 2016ರಲ್ಲಿ. ನನಗಾಗ ಐವತ್ತಾರು, ಭಾಭೀಜಿಗೆ ಅರವತ್ತಾರು. ಚಿಕ್ಕ ವಯಸ್ಸಿನ ಅಧಿಕಾರಿ. 1984ರಲ್ಲಿ ಹುಟ್ಟಿಯೇ ಇರಲಿಲ್ಲವೇನೋ. ಕುರ್ಚಿ ಕೊಟ್ಟು, ಚಹಾ ತರಿಸಿ, ಭಾಭೀಜಿಯನ್ನು ‘ಮಾತಾಜಿ’ ಎಂದು ಕರೆದ. ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿ ಆರೂ ಹೆಸರುಗಳನ್ನು ಹೇಳಿದ ಹಾಗೇ ಬರೆದುಕೊಂಡ. ಆಮೇಲೆ ಹಳೆಯ ಕಡತದ ಕೊನೆಯ ಹಾಳೆ ತೋರಿಸಿದ. ‘ಅದಮ್ ಪತಾ’ ಎಂದಿತ್ತು. ಪತ್ತೆ ಇಲ್ಲ. ತೊಂಬತ್ತರ ದಶಕದಲ್ಲೇ ಕೋರ್ಟು ಅದನ್ನು ಒಪ್ಪಿ ಕಡತ ಮುಚ್ಚಿತ್ತು. ಯಾರೂ ನಮಗೆ ತಿಳಿಸಿರಲಿಲ್ಲ. ದೆಹಲಿಯಲ್ಲಿ ದಾಖಲಾದ 587 ಎಫ್‌ಐಆರ್‌ಗಳಲ್ಲಿ ಸುಮಾರು 240 ಹೀಗೇ ಮುಚ್ಚಿದವು.

ಡಿಪೊದವನು 2009ರಲ್ಲಿ ತೀರಿಕೊಂಡಿದ್ದ. ಆರರಲ್ಲಿ ನಾಲ್ವರು ಸತ್ತಿದ್ದರು. ಉಳಿದ ಇಬ್ಬರ ವಿಳಾಸ ಸಿಗಲಿಲ್ಲ. ಡಿಪೊದವನದು ಸಹಜ ಸಾವು, ಮರಣ ಪತ್ರ ಕಡತದಲ್ಲೇ ಇತ್ತು. ಅಧಿಕಾರಿ ನಮ್ಮೆದುರೇ ಹಾಳೆ ತಿರುಗಿಸಿದ. ಸತ್ತ ದಿನದಿಂದ ಒಂಬತ್ತನೆಯ ದಿನಕ್ಕೆ ಕೊಟ್ಟ ಪತ್ರ ಅದು. ಭಾಭೀಜಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಲಿಲ್ಲ.

2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟ್, 1984ರಲ್ಲಿ ಕಾಂಗ್ರೆಸ್ ಸಂಸದರಾಗಿದ್ದ ಸಜ್ಜನ್ ಕುಮಾರ್‌ಗೆ ಜೀವ ಇರುವವರೆಗೂ ಜೈಲು ಎಂದು ತೀರ್ಪು ಕೊಟ್ಟಿತು. ರಾಜ್ ನಗರದಲ್ಲಿ ಐವರನ್ನು ಕೊಂದ ಪ್ರಕರಣ. 2013ರಲ್ಲಿ ಕೆಳಗಿನ ಕೋರ್ಟು ಅವರನ್ನು ಬಿಟ್ಟಿತ್ತು. ಗಂಡ, ಮಗ ಇಬ್ಬರನ್ನೂ ಕಳೆದುಕೊಂಡ ಒಬ್ಬ ತಾಯಿ ಅಷ್ಟು ವರ್ಷ ಪಟ್ಟು ಬಿಡದೆ ಸಾಕ್ಷಿ ಹೇಳಿದ್ದರು. ಆ ತೀರ್ಪನ್ನು ನಾನು ಪೂರ್ತಿ ಓದಿದೆ, ಮೂರು ದಿನ ಹಿಡಿಯಿತು. ದೆಹಲಿ ದಂಡು ಪ್ರದೇಶದಲ್ಲಿ ಆ ಕೆಲವೇ ದಿನಗಳಲ್ಲಿ 341 ಜನ ಸತ್ತರು, ದಾಖಲಾದ ಎಫ್‌ಐಆರ್ 21, ಅವುಗಳಲ್ಲಿ ಸಾವಿಗೆ ಸಂಬಂಧಿಸಿದ್ದು 15 ಎಂದು ಅದರಲ್ಲಿದೆ. ಇದು ಮನುಕುಲದ ವಿರುದ್ಧದ ಅಪರಾಧ, ಆದರೆ ಅದಕ್ಕೆ ನಮ್ಮ ಕಾನೂನಿನಲ್ಲಿ ಹೆಸರೇ ಇಲ್ಲ ಎಂದೂ ಇದೆ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಧಿಂಗ್ರಾ ತಂಡ ನೋಡಿದಾಗ ಸುಲ್ತಾನ್‌ಪುರಿಯಲ್ಲಿ ಒಂದೇ ಎಫ್‌ಐಆರಿನಲ್ಲಿ 498 ಘಟನೆ ತುರುಕಿದ್ದರು, ತನಿಖೆಗೆ ಒಬ್ಬನೇ ಅಧಿಕಾರಿ. ಇದನ್ನೆಲ್ಲ ಓದುವಾಗ ಆ ಹವಾಲ್ದಾರ ನೆನಪಾದ. ಅವನು ಒಬ್ಬನೇ ಅಲ್ಲ. ಊರಿನ ತುಂಬ, ಅದೇ ವಾರ, ಅದೇ ‘ನಾಮಾಲೂಮ್’ ಬರೆಯುತ್ತಾ ಕೂತಿದ್ದರು.

2025ರ ಫೆಬ್ರವರಿಯಲ್ಲಿ ಸರಸ್ವತಿ ವಿಹಾರದ ತಂದೆ-ಮಗನ ಕೊಲೆಗೆ ಸಜ್ಜನ್ ಕುಮಾರ್‌ಗೆ ಇನ್ನೊಂದು ಜೀವಾವಧಿ ಶಿಕ್ಷೆ ಆಯಿತು. ಅವತ್ತು ಭಾಭೀಜಿಗೆ ಫೋನ್ ಮಾಡಿದೆ. ನಾವೀಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೇವೆ. ಆ ಮಗಳೇ, ಅಂದು ಹೊಟ್ಟೆಯಲ್ಲಿದ್ದವಳು. ಭಾಭೀಜಿ ಸುದ್ದಿ ಕೇಳಿದ್ದರು. ‘ಒಳ್ಳೆಯದಾಯಿತು, ಅವರ ಮನೆಯವರಿಗೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಛೋಟಿ, ಆ ಹೆಸರಿನದು ಏನಾಯಿತು?’ ಎಂದು ಕೇಳಿದರು.

ಮರಣ ಪತ್ರದ ಹೆಸರು. 2019ರಲ್ಲಿ, ದೆಹಲಿ ಬಿಡುವ ಮುಂಚೆ, ನಾನೇ ಹೋಗಿ ತಿದ್ದುಪಡಿ ಅರ್ಜಿ ಕೊಟ್ಟಿದ್ದೆ. ಅವರು ಇರುವಾಗಲೇ ಆ ಕಾಗದದಲ್ಲಿ ಗಂಡನ ನಿಜವಾದ ಹೆಸರು ಬರಬೇಕು ಎಂಬುದೊಂದೇ ಅವರ ಆಸೆ. ತಿಲಕ್ ವಿಹಾರದ ಗುರುದ್ವಾರದಲ್ಲಿ ಸತ್ತವರ ಫೋಟೊಗಳ ಸಾಲಿನಲ್ಲಿ ಅವರದೂ ಇದೆ, ಅಲ್ಲಿ ಹೆಸರು ಸರಿಯಾಗಿದೆ. ಸರ್ಕಾರದ ಕಾಗದದಲ್ಲಿ ಇನ್ನೂ ಬೇರೆ ಯಾರೋ ಸತ್ತಿದ್ದಾರೆ. ಅರ್ಜಿಯ ಜೊತೆ ಮೂಲ ರೇಷನ್ ಕಾರ್ಡು ಕೇಳಿದ್ದರು. ಸುಟ್ಟುಹೋಗಿದೆ ಎಂದು ಬರೆದುಕೊಟ್ಟೆ. ಡೈರಿ ನಂಬರ್ ಕೇಳಿ ಪಡೆದಿದ್ದೇನೆ. ಮುಂದಿನ ತಿಂಗಳು ರೈಲಿಗೆ ಟಿಕೆಟ್ ಮಾಡಿಸಿದ್ದೇನೆ.